ಪಾರ್ಟಿ ರೊಕ್ಕಕ್ಕೆ ಡಂಗುರ

ನಮ್ಮ ಮನೆಯವರಿಗೆ ಮಾತು ಕಡಿಮೆ. ಸಿಂದಗಿ ಪೇಟೆಯಲ್ಲಿ ನಮ್ಮದು ಅರಿವೆ ಅಂಗಡಿ. ಗಿರಾಕಿ ಹತ್ತು ಥಾನು ಬಿಚ್ಚಿಸಿ, ಮುಟ್ಟಿ, ಎಳೆದು, ಬಿಸಿಲಿಗೆ ಹಿಡಿದು ನೋಡಿ, ಕೊನೆಗೆ "ಬ್ಯಾಡ್ರಿ" ಅಂತ ಎದ್ದು ಹೋದರೂ ಇವರು "ಆತ್ರಿ, ಮತ್ತ ಬರ್ರಿ" ಅನ್ನುವುದರ ಹೊರತು ಇನ್ನೊಂದು ಮಾತು ಆಡಿದವರಲ್ಲ. ಮಾತು ಕಡಿಮೆಯಿದ್ದವನ ಹತ್ತಿರ ಗುಟ್ಟು ನಿಲ್ಲುತ್ತದೆ ಅಂತ ಊರಿನ ನಂಬಿಕೆ. ಮಗಳ ಮದುವೆಗೆಂದು ಕೂಡಿಸಿದ ರೊಕ್ಕ, ಹಜ್‌ಗೆ ಹೊರಟವರ ಗಂಟು, ಅಣ್ಣತಮ್ಮಂದಿರ ಜಗಳದಲ್ಲಿ ಪಾಲಾಗದೆ ಉಳಿದ ಬಂಗಾರ, ಎಲ್ಲ ನಮ್ಮ ಮನೆಗೆ ಬಂದು ಕೂಡುತ್ತಿತ್ತು. ಏಕೀಕರಣವಾಗಿ ನಾವು ಮುಂಬಯಿ ಸರಕಾರ ಬಿಟ್ಟು ಮೈಸೂರು ಸರಕಾರಕ್ಕೆ ಸೇರಿದ ಮರುವರುಷ ಇಲೆಕ್ಷನ್ ಬಂತು. ಪಾರ್ಟಿಯವರು ಇವರನ್ನು ಖಜಾಂಚಿ ಮಾಡಿದರು. ಭಾಷಣ ಬರುವುದಿಲ್ಲ ಅಂತ ಇವರು ಎಷ್ಟು ಹೇಳಿದರೂ "ಭಾಷಣಕ್ಕ ನಾವು ಅದೇವಿ, ನೀವು ಬರೇ ಇಟ್ಕೊಂಡು ಕುಂದರ್ರಿ" ಅಂದರು.

ಯಾವ ಪಾರ್ಟಿ ಅಂತ ನಾನು ಬರೆಯುವುದಿಲ್ಲ. ಬರೆದರೆ ಒಂದು ಪಾರ್ಟಿಯವರಿಗೆ ಸಿಟ್ಟು, ಇನ್ನೊಂದು ಪಾರ್ಟಿಯವರಿಗೆ ಹಿಗ್ಗು. ಗಂಟುಗಳು ಎರಡೂ ಕಡೆಗೆ ಹೋಗುತ್ತಿದ್ದವು. ನಮ್ಮ ಮನೆಗೆ ಬಂದದ್ದರ ಸುದ್ದಿ ಮಾತ್ರ ನನಗೆ ಗೊತ್ತು.

ನಾನು ಮುದ್ದೇಬಿಹಾಳದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ನಮ್ಮ ಜನದಲ್ಲಿ ಆಗ ಅಷ್ಟು ಓದಿದ ಹೆಣ್ಣುಮಕ್ಕಳು ಇರಲಿಲ್ಲ. ಅದನ್ನು ನಮ್ಮತ್ತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು, ಒಲೆಯ ಮುಂದೆ ಮಾತ್ರ ಅದಕ್ಕೆ ಬೆಲೆ ಕೊಡುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ನಾವು ಮೂವರೇ. ಅಂಗಡಿ ಮುಂದೆ, ಅದರ ಹಿಂದೆಯೇ ಮನೆ, ನಡುವೆ ಒಂದು ಪರದೆ. ಹೀಗಾಗಿ ಅಂಗಡಿಯಲ್ಲಿ ಏನು ನಡೆದರೂ ನನಗೆ ಕೇಳುತ್ತಿತ್ತು.

ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬೊಬ್ಬರೇ ಬರುತ್ತಿದ್ದರು. ಅರಿವೆ ಕೊಳ್ಳಲು ಬಂದವರಂತೆ ಕಟ್ಟೆಯ ತುದಿಗೆ ಕೂತು, ಆಚೆ ಈಚೆ ನೋಡಿ, ಧೋತರದ ಒಳಗಿನಿಂದ ಒಂದು ಗಂಟು ತೆಗೆದು ಗಾದಿಯ ಕೆಳಗೆ ಸರಿಸುತ್ತಿದ್ದರು. "ನಾ ಬಂದಿದ್ದಿಲ್ಲ, ನೀವು ನೋಡಿದ್ದಿಲ್ಲ" ಅನ್ನುತ್ತಿದ್ದರು. ಇವರು ತಲೆಯಾಡಿಸುತ್ತಿದ್ದರು. ಗಂಟನ್ನು ಬಿಚ್ಚದೆ, ಬಂದ ಹಾಗೆಯೇ, ದೊಡ್ಡ ತಗಡಿನ ಡಬ್ಬಿಯಲ್ಲಿ ಹಾಕಿ ಕೌದಿಗಳ ಟ್ರಂಕಿನಲ್ಲಿ ಇಡುತ್ತಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಕೇಳಿದೆ. "ಯಾರ ರೊಕ್ಕ ಇದು?"

"ಪಾರ್ಟೀದು."

"ಪಾರ್ಟಿಗೆ ಕೊಟ್ಟವರು ಯಾರು?"

"ಹೆಸರು ಹೇಳಬ್ಯಾಡ ಅಂದಾರ."

"ಎಲ್ಲೆರ ಬರದರ ಇಟ್ಟೀರೋ ಇಲ್ಲೋ?"

"ಬರೀಬ್ಯಾಡ ಅಂದಾರ. ಎಲ್ಲಾ ತಲ್ಯಾಗ ಐತಿ."

ನಮ್ಮತ್ತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನ ತಲೆಯ ಕಡೆಗೆ ನೋಡಿದಳು.

ಓಟು ಇನ್ನೂ ಎರಡು ಮೂರು ವಾರ ಇತ್ತು. ಪಕ್ಕದ ಇಂಡಿ ಊರಿನಲ್ಲಿ ಪಾರ್ಟಿಯ ಸಭೆಗೆ ಹೋದ ಇವರು ತಿರುಗಿ ಬರುವಾಗ ಝಳಕಿ ಹತ್ತಿರ ಲಾರಿ ಕೆಟ್ಟು ನಿಂತು, ಬಿಸಿಲಿಗೆ ಬಾಯಾರಿ, ಯಾವುದೋ ಹಳ್ಳದ ನೀರು ಕುಡಿದಿದ್ದರಂತೆ. ಬಂದ ನಾಲ್ಕೈದು ದಿನಕ್ಕೆ ಮೈ ಬಿಸಿಯಾಯಿತು. ಮೊದಲು ಸಾದಾ ಜ್ವರ ಅಂತ ಕಾಳುಮೆಣಸಿನ ಕಷಾಯ ಮಾಡಿ ಕೊಟ್ಟೆ. ಇಳಿಯಲಿಲ್ಲ. ಡಾಕ್ಟರು ಬಂದು ನಾಲಿಗೆ ನೋಡಿ, ಹೊಟ್ಟೆ ಒತ್ತಿ ನೋಡಿ, ವಿಷಮಜ್ವರ ಅಂದರು. ಬಿಜಾಪುರದಿಂದ ಗುಳಿಗೆ ತರಿಸಲು ಚೀಟಿ ಬರೆದುಕೊಟ್ಟರು. ಮುದ್ದೇಬಿಹಾಳದಿಂದ ನಮ್ಮಣ್ಣ ಓಡಿ ಬಂದ. ಅವನದು ಬಳೆ ವ್ಯಾಪಾರ. ಸಂತೆಗೆಂದು ಹೊರೆ ಕಟ್ಟಿದ್ದವನು ಅದನ್ನು ಅಲ್ಲೇ ಬಿಟ್ಟು ಬಂದು, ಬಿಜಾಪುರಕ್ಕೆ ಹೋಗಿ ತನ್ನ ಕೈಯಿಂದಲೇ ಗುಳಿಗೆ ತಂದ.

ಗುಳಿಗೆ ಬರುವ ಮೊದಲೇ ಜ್ವರ ತಲೆಗೇರಿತ್ತು. ಅವತ್ತು ಮಧ್ಯಾಹ್ನ ಕಂಪೌಂಡರ್ ಬಂದು ಸೂಜಿ ಚುಚ್ಚುತ್ತಿದ್ದ. ಇವರು ಕಣ್ಣು ಮುಚ್ಚಿಕೊಂಡೇ ಬಡಬಡಿಸತೊಡಗಿದರು.

"ಜಿನ್ನಿನ ಸಾವ್ಕಾರ್ರ... ಇವರಿಗೂ ಕೊಟ್ಟು ಅವರಿಗೂ ಕೊಡಾಕತ್ತೀರಿ. ಯಾರರ ಗೆಲ್ಲಲಿ, ನಿಮ್ಮ ಗಾಣ ತಿರಗತೈತಿ ಬಿಡ್ರಿ..."

ಇಂಡಿಯಲ್ಲಿ ಹತ್ತಿ ಬಿಡಿಸುವ ಜಿನ್ನು ಇಟ್ಟಿದ್ದ ಸಾಹುಕಾರರು ಎಣ್ಣೆ ಗಾಣಕ್ಕೆ ಲೈಸನ್ಸು ಕೇಳಿ ಕೂತಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು. ನಾನು ಒದ್ದೆ ಅರಿವೆ ಹಿಡಿದು ನಿಂತಲ್ಲೇ ನಿಂತೆ. ಮದುವೆಯಾದ ಮೇಲೆ ಇವರ ಬಾಯಿಂದ ಒಮ್ಮೆಗೆ ಅಷ್ಟು ಮಾತು ಕೇಳಿದ್ದು ಅದೇ ಮೊದಲು.

ಕಂಪೌಂಡರ್ ಸೂಜಿ ಒರೆಸುತ್ತ, ನಾನು ಕೇಳದಿದ್ದರೂ, "ನಾ ಏನೂ ಕೇಳಿಲ್ರಿ ಬಾಯಾರ" ಅಂದ. ಆಗಲೇ ತಿಳಿಯಿತು, ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ ಅಂತ.

ಮರುದಿನ ಮುಂಜಾನೆಯಿಂದ ನಮ್ಮ ಮನೆಗೆ ಹಿಂಡು ಹಿಂಡಾಗಿ ಜನ. ಅಡತಿ ಅಂಗಡಿಯವರು, ದಿನಸಿಯವರು, ರಸ್ತೆ ಗುತ್ತಿಗೆಯವರು. ಕೈಯಲ್ಲಿ ಮೋಸಂಬಿ, ಗ್ಲೂಕೋಸು, ಎಳನೀರು. ಡಾಕ್ಟರು ಗದ್ದಲ ಬೇಡ ಅಂದಿದ್ದರೂ ಯಾರೂ ಕೇಳಲಿಲ್ಲ. ಬಂದವರು ಕಾಲ ಕಡೆಗೆ ಕೂಡುತ್ತಿರಲಿಲ್ಲ, ತಲೆಯ ಕಡೆಗೇ ಕೂಡುತ್ತಿದ್ದರು. ಇವರ ತುಟಿ ಅಲುಗಿದರೆ ಸಾಕು, ಕೆಲವರು ಕಿವಿ ತಂದು ಬಾಯಿಗೆ ಹಚ್ಚುತ್ತಿದ್ದರು, ಕೆಲವರು ಜೋರಾಗಿ ಕೆಮ್ಮುತ್ತಿದ್ದರು. ಕೆಮ್ಮುವವರು ಕೊಟ್ಟವರು, ಕಿವಿ ಹಚ್ಚುವವರು ಯಾರು ಕೊಟ್ಟರು ಅಂತ ತಿಳಿದುಕೊಳ್ಳಲು ಬಂದವರು. ಅರ್ಧ ದಿನದಲ್ಲಿ ನನಗೆ ಅಷ್ಟು ಗೊತ್ತಾಗಿತ್ತು. ನಮ್ಮತ್ತಿಗೆ ಮಾತ್ರ ಗೊತ್ತಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು "ನನ್ನ ಮಗನ ಮ್ಯಾಲ ಊರಿಗೆ ಎಷ್ಟು ಜೀವ ಐತಿ ನೋಡವಾ!" ಅಂದಳು.

ಇಂಡಿಯ ಸಾಹುಕಾರರು ಮೋಟರಿನಲ್ಲಿ ಬಂದರು. ತಲೆದೆಸೆಯಲ್ಲಿ ಬಹಳ ಹೊತ್ತು ಕೂತರು. ಇವರು ಅವತ್ತು ಏನೂ ಮಾತಾಡಲಿಲ್ಲ. ಏಳುವಾಗ ಪರದೆಯ ಹತ್ತಿರ ಬಂದು ದನಿ ತಗ್ಗಿಸಿ ಅಂದರು:

"ಭಾಬಿ, ನಾ ಏನೂ ಕೊಟ್ಟಿಲ್ಲ. ಯಾರರ ಕೇಳಿದ್ರ ಹಂಗ ಹೇಳ್ರಿ."

"ಕೊಟ್ಟಿದ್ರ ವಾಪಸ್ ಒಯ್ರಿ, ಸಾವ್ಕಾರ್ರ."

"ಕೊಟ್ಟೇ ಇಲ್ಲ ಅಂದಮ್ಯಾಲ ಏನ್ ಒಯ್ಲಿ?"

ಬಾಗಿಲ ಮುಂದೆ ಮೋಟರಿನ ಧೂಳು ಇನ್ನೂ ಇಳಿದಿರಲಿಲ್ಲ, ಇಲೆಕ್ಷನ್ನಿಗೆ ನಿಂತಿದ್ದ ನಮ್ಮ ಪಾರ್ಟಿಯ ಉಮೇದುವಾರರ ಭಾವಮೈದುನ ಬಂದ. ಬಾಗೇವಾಡಿ ತಾಲೂಕಿನ ಮಸೂತಿ ಅನ್ನುವ ಊರಿನವನು. ಇಲೆಕ್ಷನ್ ಮುಗಿಯುವ ತನಕ ಸಿಂದಗಿಯಲ್ಲೇ ಬಿಡಾರ ಮಾಡಿದ್ದ. ಜೀಪು ತರಿಸಬೇಕು, ಡಬ್ಬಿ ತನ್ನ ಕೈಗೆ ಕೊಡಬೇಕು ಅಂದ. ಅವನು ಹೋದ ಮೇಲೆ ಪಾರ್ಟಿಯ ತಾಲೂಕು ಅಧ್ಯಕ್ಷರು ಬಂದರು. ವಯಸ್ಸಾದವರು, ಸ್ವಾತಂತ್ರ್ಯದ ಹೋರಾಟದಲ್ಲಿ ಜೇಲು ಕಂಡವರು, ಮಡಚಿದ ಜಾಗದಲ್ಲಿ ಸವೆದು ಹೋದ ಬಿಳಿ ಟೊಪ್ಪಿಗೆ ಹಾಕುತ್ತಿದ್ದರು. "ಯವ್ವಾ, ಛಾಪಖಾನಿಯವನ ರೊಕ್ಕ, ಮೈಕಿನವನ ಬಾಡಿಗಿ ನಿಂತಾವ. ಆ ಮಸೂತಿ ಹುಡುಗನ ಕೈಗೆ ಮಾತ್ರ ಕೊಡಬ್ಯಾಡ. ಒಂದು ಆಣೆ ಹೊರಗ ಬರೂದಿಲ್ಲ" ಅಂದರು. ಅದೇ ಮಾತನ್ನು ಮಸೂತಿಯವನು ಅಧ್ಯಕ್ಷರ ಬಗ್ಗೆ ಹೇಳಿ ಹೋಗಿದ್ದ.

"ಅವರಿಗೆ ಎಚ್ಚರ ಆಗಲ್ರಿ" ಅಂದೆ ಇಬ್ಬರಿಗೂ.

ಎಚ್ಚರವಾಗಲಿಲ್ಲ. ದಿನ ಹೋದ ಹಾಗೆ ಪೇಟೆಯ ಮಾತು ನಮ್ಮ ಪರದೆಯ ಒಳಗೂ ಬಂತು. ಗಂಡ ಜ್ವರದಾಗ, ಹೆಂಡತಿ ರೊಕ್ಕದ ಮ್ಯಾಲ ಅಂದರಂತೆ. ಬಿಜಾಪುರದ ಗುಳಿಗೆ ಪಾರ್ಟಿಯ ರೊಕ್ಕದಿಂದ ಬಂದದ್ದು ಅಂದರಂತೆ. ಅದನ್ನು ಬಂದು ಹೇಳಿದವನು ನಮ್ಮ ದರ್ಜಿ. ಅಂಗಡಿಯ ಕಟ್ಟೆಯ ಮೇಲೆ ಮಶೀನು ಹಾಕಿಕೊಂಡು ಕೂಡುತ್ತಿದ್ದವನು, ಮನೆಯವನ ಹಾಗೆಯೇ. ನಮ್ಮಣ್ಣನ ಮುಖ ಕೆಂಪಾಯಿತು. ತನ್ನ ಬಳೆಯ ರೊಕ್ಕದಿಂದ ತಂದ ಗುಳಿಗೆ ಅದು. ನನಗೆ ಅನ್ನ ಇಳಿಯಲಿಲ್ಲ. ಇವರಿಗೆ ಏನಾದರೂ ಆದರೆ ಅನ್ನುವ ಭಯ ಒಂದು ಕಡೆ. ಹಾಗೆ ಆದರೆ ಆ ಗಂಟುಗಳು ಯಾರವು ಅಂತ ಹೇಳುವವರೇ ಇರುವುದಿಲ್ಲ, ಕಳ್ಳತನದ ಮಾತು ನಮ್ಮ ಮನೆಗೆ ಏಳು ತಲೆಮಾರು ಅಂಟುತ್ತದೆ ಅನ್ನುವುದು ಇನ್ನೊಂದು ಕಡೆ. ಗಂಡ ಸಾಯುವಾಗ ಹೆಂಡತಿ ಇಂಥದನ್ನೂ ನೆನೆಯುತ್ತಾಳೇನು ಅಂತ ನನಗೇ ನನ್ನ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ಕೌದಿ ತೆಗೆಯಲು ಟ್ರಂಕು ತೆರೆದಾಗಲೆಲ್ಲ ನೆನಪಾಗಲೇಬೇಕಿತ್ತು.

ಅವತ್ತು ಸಂಜೆಯ ಮಗ್ರಿಬ್ ನಮಾಜು ಮುಗಿಸಿ ನಮ್ಮತ್ತಿ ಜಾನಮಾಜಿನ ಚಾಪೆ ಮಡಚುತ್ತ ನನ್ನನ್ನು ಕೇಳಿದಳು. "ಅದು ಅಮಾನತ್ತು, ನಂಬಿ ಇಟ್ಟ ರೊಕ್ಕ, ಹೌದಲ್ಲವಾ?"

"ಹೌದು."

"ಅಮಾನತ್ತು ಯಾರದೋ ಅವರಿಗೆ ಮುಟ್ಟಬೇಕು. ನಮಗ ಗೊತ್ತಿಲ್ಲ ಅಂದ್ರ ಅವರನ್ನ ಕರೀಬೇಕು."

"ಹೆಂಗ ಕರೀಬೇಕು, ಅಮ್ಮಾ? ಹೆಸರು ಗೊತ್ತಿಲ್ಲ."

"ಹ್ವಾದ ವರ್ಷ ಆಡು ಕಳದಾಗ ಅದು ಸಿಕ್ಕವರ ಹೆಸರು ಗೊತ್ತಿತ್ತೇನು? ಡಂಗುರ ಹೊಡಸಲಿಲ್ಲ?"

ನಮ್ಮಣ್ಣ ಹೌಹಾರಿದ. "ಪಾರ್ಟಿ ರೊಕ್ಕಕ್ಕ ಡಂಗುರ ಹೊಡಸ್ತೀರಾ? ಮಾನ ಹೋಗತೈತಿ!"

"ಯಾರ ಮಾನ?" ಅಂದಳು ಮುದುಕಿ. "ನಮ್ಮದು ಹೋಗಾಕ ಹತ್ತೈತಿ. ಅದನ್ನ ಉಳಿಸ್ಕೋಬೇಕೋ ಬ್ಯಾಡೋ?"

ಅವತ್ತೇ ಡಬ್ಬಿ ತೆರೆದು ನೋಡಿದೆವು. ನಾನು, ಅತ್ತಿ, ಅಣ್ಣ. ಒಂದು ಚೀಟಿಯೂ ಇರಲಿಲ್ಲ. ಗಂಟುಗಳೆಲ್ಲ ತಂದವರು ಕಟ್ಟಿದ ಹಾಗೆಯೇ ಇದ್ದವು. ಒಂದು ಕರವಸ್ತ್ರದ್ದು, ಒಂದು ಧೋತರದ ಅಂಚಿನದು, ಒಂದು ಹಳೆ ಇಳಕಲ್ಲ ಸೀರೆಯ ತುಂಡಿನದು, ಇನ್ನು ಕೆಲವು ಸಣ್ಣ ಚಿಂದಿ ಗಂಟುಗಳು. ಅದನ್ನು ಕಂಡು ಧೈರ್ಯ ಬಂತು. ಯಾವ ಅರಿವೆಯಲ್ಲಿ ಕಟ್ಟಿದ್ದು ಅಂತ ಹೇಳಿದವರದು ಗಂಟು. ಗುರುತು ಇರುವ ತನಕ ಸುಳ್ಳು ಹೇಳಿ ಯಾರೂ ಒಯ್ಯಲಾರರು.

ಸಂತೆಯ ದಿನ ಡಂಗುರ ಹೊಡೆಯುವ ಹಲಗೆಯವನನ್ನು ಕರೆಸಿ ಏನು ಹೇಳಬೇಕು ಅಂತ ನಾನೇ ಪರದೆಯ ಹಿಂದೆ ನಿಂತು ಹೇಳಿಕೊಟ್ಟೆ. ಅವನು ಎರಡು ಸಲ ಕೇಳಿಸಿಕೊಂಡು, "ಇದು ಖರೇನ ಹೊಡೀಬೇಕಾ ಅವ್ವಾರ?" ಅಂದ. ಹೊಡೆ ಅಂದೆ. ಸಂತೆಯ ನಟ್ಟನಡುವೆ, ದನದ ಸಾಲಿನಲ್ಲಿ, ಕಾಯಿಪಲ್ಲೆಯವರ ನಡುವೆ ನಿಂತು ಅವನು ಕೂಗಿದ್ದು ಮನೆಯ ಮಾಳಿಗೆಯ ತನಕ ಕೇಳಿಸಿತು:

"ಕೇಳ್ರೆಪೋ ಕೇಳ್ರಿ! ಅರಿವಿ ಅಂಗಡಿ ಸಾವ್ಕಾರ್ರು ಜಡ್ಡಾಗಿ ಮಲಗ್ಯಾರ. ಪಾರ್ಟಿಗಂತ ಅವರ ಕೈಯಾಗ ರೊಕ್ಕ ಕೊಟ್ಟವರು ನಾಳೆ ಮುಂಜಾನೆ ಅವರ ಕಟ್ಟಿಗೆ ಬರಬೇಕು! ನಾಲ್ಕು ಮಂದಿ ಮುಂದ ನಾ ಕೊಟ್ಟೇನಿ ಅಂತ ಹೇಳಬೇಕು, ಗಂಟಿನ ಗುರುತು ಹೇಳಬೇಕು! ಪಾರ್ಟಿಗೆ ಕೊಡ್ರಿ ಅಂದ್ರ ಪಾರ್ಟಿಗೆ, ವಾಪಸ್ ಕೊಡ್ರಿ ಅಂದ್ರ ವಾಪಸ್!"

ಸಂತೆಯೆಲ್ಲ ಒಮ್ಮೆಲೇ ಮಾತಾಡಿತು. ಮಸೂತಿಯವನು ಓಡಿ ಬಂದು ಬಾಗಿಲ ಮುಂದೆ ನಿಂತು ಕೂಗಾಡಿದ. "ಹೆಂಗಸರ ಕೈಯಾಗ ಪಾರ್ಟಿ ಕೊಟ್ಟಂಗಾತು!" ನಮ್ಮತ್ತಿ ಹೊರಗೆ ಬಂದು, "ಕೂಗಬ್ಯಾಡಪಾ, ಒಳಗ ಜಡ್ಡು ಮನಶ್ಯಾ ಅದಾನ. ನೀನೂ ಕೊಟ್ಟಿದ್ರ ನಾಳೆ ಬಾ" ಅಂದಳು. ಅವನು ಕೊಟ್ಟಿರಲಿಲ್ಲ.

ಮರುದಿನ ಕಟ್ಟೆಯ ಮೇಲೆ ಜಮಖಾನೆ ಹಾಸಿದೆವು. ಅತ್ತಿ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಳು. ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲಲ್ಲಿ ನಿಂತೆ. ಓಣಿ ತುಂಬ ಜನ ಸೇರಿದ್ದರು, ಆದರೆ ಕಟ್ಟೆಯ ಹತ್ತಿರ ಒಬ್ಬರೂ ಬರಲಿಲ್ಲ. ಎದುರು ಪಾರ್ಟಿಯ ಒಬ್ಬ ತರುಣ ವಕೀಲರು ಗಿಡದ ನೆರಳಲ್ಲಿ ನಿಂತು ನಗುತ್ತಿದ್ದರು. ಬಿಸಿಲು ಏರಿತು. ನಾನೇ ಊರ ಮುಂದೆ ನಗೆಪಾಟಲಾದೆ ಅನ್ನಿಸಿತು, ಒಳಗೆ ಮಲಗಿದವರಿಗೆ ಎಚ್ಚರವಾದರೆ ಯಾವ ಮುಖ ತೋರಿಸಲಿ ಅನ್ನಿಸಿತು.

ಮೊದಲು ಬಂದವನು ನಮ್ಮ ದರ್ಜಿಯೇ. ಮಶೀನು ಬಿಟ್ಟೆದ್ದು ಅತ್ತಿಯ ಮುಂದೆ ಬಂದು ನಿಂತ. "ನಾ ಎಂಟಾಣೆ ಕೊಟ್ಟೇನ್ರಿ. ಇದ ಅಂಗಡ್ಯಾಗ ಉಳದ ಚೀಟಿನ ಅರಿವಿ ಚೂರಿನ್ಯಾಗ ಕಟ್ಟಿದ್ದೆ, ಹಳದಿ ಹೂವಿಂದು. ಪಾರ್ಟಿಗೇ ಇರಲಿ."

ಅತ್ತಿ ಹುಡುಕಿ ತೆಗೆದಳು. ಹಳದಿ ಹೂವೇ. ಜನ ಹೋ ಅಂದರು. "ಯಾಕ ಕೊಟ್ಟೀ ಅಂತ ಹೇಳು!" ಅಂತ ಯಾರೋ ಕೂಗಿದರು. ದರ್ಜಿ ತಿರುಗಿ ನಿಂತು, "ನಮ್ಮ ಓಣಿ ಬಾವಿ ಕಟ್ಟಿಸ್ಯಾರ, ಅದಕ್ಕ. ನಿನಗೇನ ತ್ರಾಸ?" ಅಂದ. ಅವನ ಹಿಂದೆ ಕಾಯಿಪಲ್ಲೆ ಮಾರುವ ಮುದುಕಿ, ಇಬ್ಬರು ನೇಕಾರರು, ಕುರಿ ಕಾಯುವವನೊಬ್ಬ. ಒಬ್ಬೊಬ್ಬರೂ ತಮ್ಮ ಚಿಂದಿಯ ಗುರುತು ಹೇಳಿದರು. ಹೇಳುವಾಗ ದನಿ ಮೊದಲು ಸಣ್ಣದಿರುತ್ತಿತ್ತು, ಮುಗಿಸುವಾಗ ದೊಡ್ಡದಾಗುತ್ತಿತ್ತು. ಕುರಿಯವನು ಮಾತ್ರ ತನ್ನ ರೂಪಾಯಿ ವಾಪಸು ಬೇಕು ಅಂದ, "ಆಮ್ಯಾಲ ಯಾರೂ ನಮ್ಮ ಕಡೆ ಹಣಿಕಿ ಹಾಕಿಲ್ಲ" ಅಂದ. ಅತ್ತಿ ಕೊಟ್ಟಳು.

ಅಷ್ಟರಲ್ಲಿ ಇಂಡಿಯ ಸಾಹುಕಾರರ ಮುನೀಮರು ಗದ್ದಲ ಸೀಳಿಕೊಂಡು ಬಂದರು. ಎತ್ತರದ ದನಿಯಲ್ಲಿ, "ನಮ್ಮ ಸಾವ್ಕಾರ್ರು ಯಾರಿಗೂ ಏನೂ ಕೊಟ್ಟಿಲ್ಲ! ಈ ರೊಕ್ಕಕ್ಕೂ ಅವರಿಗೂ ಸಂಬಂಧ ಇಲ್ಲ!" ಅಂದರು.

ಅವರನ್ನು ಯಾರೂ ಕೇಳಿರಲಿಲ್ಲ. ಓಣಿಯ ಆ ತುದಿಯಿಂದ ಈ ತುದಿಯ ತನಕ ನಗೆ ಎದ್ದಿತು. ಮುನೀಮರಿಗೆ ಯಾಕೆ ನಗುತ್ತಾರೆ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗಿಡದ ಕೆಳಗಿನ ವಕೀಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಯಿಪಲ್ಲೆಯ ಮುದುಕಿ ಅವರ ಕಡೆಗೆ ತಿರುಗಿದಳು.

"ನೀವು ಯಾಕ ನಗತೀರಿ ವಕೀಲ ಸಾಹೇಬ್ರ? ನಿಮ್ಮ ಡಬ್ಬಿ ಯಾರ ಮನ್ಯಾಗ ಐತ್ರಿ? ಅದಕ್ಕ ಡಂಗುರ ಯಾವಾಗ್ರಿ?"

ವಕೀಲರ ನಗೆ ನಿಂತಿತು. ಇಂಡಿಯ ಸಾಹುಕಾರರು ಆ ಕಡೆಗೂ ಒಂದು ಗಂಟು ಕೊಟ್ಟದ್ದು ಅವರಿಗೂ ಗೊತ್ತಿದ್ದಿರಬೇಕು. ಸ್ವಲ್ಪ ಹೊತ್ತಿಗೆ ಅವರು ಅಲ್ಲಿ ಇರಲಿಲ್ಲ.

ಅಧ್ಯಕ್ಷರು ಬಂದದ್ದು ಆಮೇಲೆ. ಸಿಟ್ಟಿನಿಂದಲೇ ಬಂದಿದ್ದರು, ನಡಿಗೆಯಲ್ಲೇ ಕಾಣುತ್ತಿತ್ತು. ಕಟ್ಟೆಯ ಮೇಲಿನ ಚಿಂದಿಗಳನ್ನು ನೋಡಿದರು. ತೆಗೆಯದೆ ಉಳಿದ ದೊಡ್ಡ ಗಂಟುಗಳನ್ನೂ ನೋಡಿದರು. ಅವು ಯಾರವು ಅಂತ ಕೇಳಿದರು. ಗೊತ್ತಿಲ್ಲ ಅಂದೆ.

"ನನಗೂ ಗೊತ್ತಿಲ್ಲವಾ" ಅಂದರು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಅತ್ತಿಯ ಪಕ್ಕದಲ್ಲಿ ಕೂತುಬಿಟ್ಟರು. "ನಾ ಮಾತಾಡೂ ಮೈಕಿನ ಬಾಡಿಗಿ ಯಾರು ಕೊಡ್ತಾರ ಅಂತ ನನಗ ಗೊತ್ತಿಲ್ಲ. ನಾ ಒಮ್ಮೆನೂ ಕೇಳಲಿಲ್ಲ. ಕೇಳಿದ್ರ ಹೇಳಿಬಿಡ್ತಾರಲ್ಲ ಅಂತ ಅಂಜಿಕಿ ಇತ್ತೇನೋ."

ಜನ ಕೇಳುತ್ತಿದ್ದರು. ಅವರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. ಹೆಸರು ಹೇಳಿ ಕೊಟ್ಟ ರೊಕ್ಕ ಇವತ್ತೇ ಪಾರ್ಟಿ ತೆಗೆದುಕೊಳ್ಳುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ, ಖಜಾಂಚಿ ಎದ್ದ ಮೇಲೆ ಕೊಟ್ಟವರಿಗೆ ತಿರುಗಿ ಹೋಗುತ್ತದೆ. "ಜೀಪು ಬ್ಯಾಡ. ಟಾಂಗಾದಾಗ ತಿರಗೋಣ" ಅಂದರು. ಮಸೂತಿಯವನು ಅವತ್ತೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದ. ಉಮೇದುವಾರರು ಏನಂದರೋ ನನಗೆ ಗೊತ್ತಿಲ್ಲ. ಆದರೆ ಉಳಿದ ದಿನ ಅವರು ಟಾಂಗಾದಲ್ಲೇ ತಿರುಗಿದರು.

ಎರಡು ದಿನ ಕಳೆದ ಮೇಲೆ ಒಂದು ಮುಂಜಾನೆ ಹಣೆ ಮುಟ್ಟಿದರೆ ತಣ್ಣಗಿತ್ತು. ನನ್ನ ಕೈಯೇ ಬಿಸಿಯಾಗಿದೆಯೇನೋ ಅಂತ ಅತ್ತಿಯನ್ನು ಕರೆದೆ. ಅವಳೂ ಮುಟ್ಟಿ ನೋಡಿ ಅಲ್ಲೇ ನೆಲಕ್ಕೆ ಕೂತು ಅಳತೊಡಗಿದಳು. ಇವರು ಕಣ್ಣು ತೆರೆದು, "ಯಾಕ ಅಳ್ತಿ, ಅಮ್ಮಾ? ನನಗ ಹಸಿವ್ಯಾಗೇತಿ" ಅಂದರು.

ಗಂಜಿ ಕುಡಿಸುತ್ತ ಎಲ್ಲ ಹೇಳಿದೆ. ಜ್ವರದಲ್ಲಿ ಬಡಬಡಿಸಿದ್ದು, ಕೆಮ್ಮಿದವರು, ಹಲಗೆಯವನು, ಮುನೀಮರು. ಅವರು ಕಣ್ಣು ಮುಚ್ಚಿಕೊಂಡರು. ಕೊಟ್ಟ ಮಾತು ನಾನು ಮುರಿದೆ ಅಂತ ಸಿಟ್ಟಾದರೋ ಅಂದುಕೊಂಡೆ. ನೋಡಿದರೆ ಹೊದಿಕೆ ಅಲುಗುತ್ತಿತ್ತು. ನಗುತ್ತಿದ್ದರು. ನಗಲು ಶಕ್ತಿಯಿಲ್ಲದೆ ಕಣ್ಣಲ್ಲಿ ನೀರು ಬಂದಿತ್ತು.

"ಎಲ್ಲಾ ತಲ್ಯಾಗ ಇಟ್ಕೊಂಡು ಇಟ್ಕೊಂಡು ನನಗ ನಿದ್ದಿ ಹತ್ತತಿದ್ದಿಲ್ಲ" ಅಂದರು. "ಮದಲ ಹೊಡಸಬೇಕಿತ್ತು."

ಓಟಿನ ದಿನ ಅವರಿಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ನಾನೂ ಅತ್ತಿಯೂ ಹೋಗಿ ಹಾಕಿ ಬಂದೆವು. ಆಗ ಒಬ್ಬೊಬ್ಬ ಉಮೇದುವಾರರಿಗೂ ಒಂದೊಂದು ಬೇರೆ ಪೆಟ್ಟಿಗೆ, ಮೇಲೆ ಗುರುತಿನ ಚಿತ್ರ. ಹೊರಗೆ ಬರುತ್ತಿದ್ದಂತೆ ಯಾರೋ ಅತ್ತಿಯನ್ನು ಕೇಳಿದರು, ಯಾವ ಪೆಟ್ಟಿಗಿಗೆ ಹಾಕಿದಿ ಅಂತ. "ಓಟು ಮುಚ್ಚಿ ಹಾಕೂದು, ರೊಕ್ಕ ತೆರದು ಕೊಡೂದು. ನೀವು ಎರಡನೂ ತಿರುಗಮುರುಗ ಮಾಡೀರಿ" ಅಂದು ಬಿರಬಿರನೆ ನಡೆದುಬಿಟ್ಟಳು. ನನಗೂ ಹೇಳಲಿಲ್ಲ. ನಾನೂ ಅವಳಿಗೆ ಹೇಳಲಿಲ್ಲ.

ನಮ್ಮ ಪಾರ್ಟಿಯ ಉಮೇದುವಾರರು ಗೆದ್ದರು. ಡಂಗುರದಿಂದಲೇ ಗೆದ್ದರು ಅಂತ ದರ್ಜಿ ವಾದಿಸುತ್ತಿದ್ದ. ಹಾಗೆ ಹೇಳಲು ನನಗೆ ಧೈರ್ಯವಿಲ್ಲ. ಗೆಲ್ಲಲು ಸೋಲಲು ನೂರು ಕಾರಣ ಇರುತ್ತವೆ.

ಉಳಿದ ಗಂಟುಗಳನ್ನು ಇವರು ಕೋಲು ಊರಿಕೊಂಡು, ಅಧ್ಯಕ್ಷರನ್ನು ಜೊತೆಗೆ ಕರೆದುಕೊಂಡು, ಹಾಡುಹಗಲೇ ಒಬ್ಬೊಬ್ಬರ ಅಂಗಡಿಗೆ ಒಯ್ದು ಕೊಟ್ಟರು. ತೆಗೆದುಕೊಂಡವರು ಬೈದುಕೊಂಡೇ ತೆಗೆದುಕೊಂಡರು. ಇಂಡಿಯ ಸಾಹುಕಾರರು ಮಾತ್ರ ಗಾದಿಯಿಂದ ಏಳದೆ, "ಇದು ನಂದಲ್ಲ" ಅಂದರು. ಇವರು ತಿರುಗಿ ತಂದರು. ಮನೆಯಲ್ಲಿ ಅದೊಂದೇ ಗಂಟು ಉಳಿಯಿತು. ಮತ್ತೆ ನನ್ನ ನಿದ್ದೆ ಹೋಯಿತು.

ಸ್ವಲ್ಪ ದಿನಕ್ಕೆ ಒಂದು ಎತ್ತಿನ ದಮಣಿ ಬಂದು ನಮ್ಮ ಬಾಗಿಲ ಮುಂದೆ ನಿಂತಿತು. ಬಂಡಿಯಿಂದ ಇಳಿದವರು ಎತ್ತರದ ಹೆಂಗಸು, ಹಣೆ ತುಂಬ ವಿಭೂತಿ. ಇಂಡಿಯ ಸಾಹುಕಾರರ ಹೆಂಡತಿ. ಒಳಗೆ ಬಂದು ನೀರು ಕುಡಿದು, "ತಂಗಿ, ಗಂಟು ತಾ, ನೋಡೂಣು" ಅಂದರು. ತಂದೆ. ಇಳಕಲ್ಲ ಸೀರೆಯ ತುಂಡನ್ನು ಬೆಳಕಿಗೆ ಹಿಡಿದು ಅದರ ಮೂಲೆ ತೋರಿಸಿದರು.

"ಈ ತ್ಯಾಪಿ ನಾ ಹಾಕಿದ್ದು. ಇದು ನನ್ನ ಸೀರಿ. ಅವರು ತಮ್ಮದಲ್ಲ ಅಂತಾರ, ಅನ್ನಲಿ. ಹಂಗಾದ್ರ ಇದು ನಂದಾತು, ಕೊಡು."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. "ಹಿಂಗ ಕದ್ದು ಕೊಟ್ಟು ಕದ್ದು ಕೊಟ್ಟು ಎದಿ ನೋವು ತರಿಸ್ಕೊಂಡಾರ, ತಂಗಿ. ಯಾರು ಗೆದ್ರ ಏನಾಗತೈತಿ, ಯಾರು ಯಾರಿಗೆ ಹೇಳ್ತಾರ ಅಂತ ಬರೇ ಇದ ಚಿಂತಿ. ಲೈಸನ್ಸು ಬಂದ್ರ ಬರಲಿ, ಬಿಟ್ರ ಬಿಡಲಿ, ಮನ್ಯಾಗ ಹತ್ತಿ ಐತಿ, ಜ್ವಾಳ ಐತಿ" ಅಂದರು. ದರ್ಜಿಯನ್ನೂ ಓಣಿಯ ನಾಲ್ಕು ಮಂದಿಯನ್ನೂ ಕರೆಸಿ ಅವರೆದುರೇ ಗಂಟನ್ನು ಉಡಿಯಲ್ಲಿ ಹಾಕಿಕೊಂಡರು. ಆ ಬಂಡಿ ಓಣಿ ದಾಟಿದಾಗ ನನ್ನ ಹೆಗಲ ಮೇಲಿನ ಜ್ವಾಳದ ಚೀಲ ಇಳಿಸಿದಂತಾಯಿತು. ಅವತ್ತು ಮಧ್ಯಾಹ್ನ ಚಾಪೆ ಹಾಸಿಕೊಂಡು ಮಲಗಿದವಳು ಎದ್ದದ್ದು ಅತ್ತಿ ಸಂಜೆಮುಂದಿನ ಅಸರಿನ ನಮಾಜು ಮುಗಿಸಿ ಚಾ ಕುದಿಸಿದ ಮೇಲೆಯೇ.

ಮುಂದೆ ಎರಡು ಮೂರು ವರುಷ, ಅಧ್ಯಕ್ಷರು ಇರುವ ತನಕ, ಪಾರ್ಟಿಗೆ ಯಾರು ಏನು ಕೊಟ್ಟರೂ ಸಂತೆಯ ದಿನ ಹೆಸರು ಓದುವ ರೂಢಿ ನಡೆಯಿತು. ತನ್ನ ಹೆಸರು ಬರುವಾಗ ದರ್ಜಿ ಮಶೀನು ನಿಲ್ಲಿಸಿ ಕಿವಿಗೊಡುತ್ತಿದ್ದ. ದೊಡ್ಡ ಗಂಟು ಬರುವುದು ನಿಂತಿತು, ಸಣ್ಣವು ಜಾಸ್ತಿಯಾದವು. ಅಧ್ಯಕ್ಷರು ತೀರಿಕೊಂಡ ಮೇಲೆ ರೂಢಿಯೂ ತೀರಿತು. ಮುಂದಿನ ಇಲೆಕ್ಷನ್ನಿಗೆ ಹೊಸ ಅಧ್ಯಕ್ಷರು ನಾಲ್ಕು ಜನರನ್ನು ಕಟ್ಟಿಕೊಂಡು ನಮ್ಮ ಅಂಗಡಿಗೆ ಬಂದು, ಮತ್ತೆ ಖಜಾಂಚಿ ಆಗಬೇಕು ಅಂದರು.

ಇವರು ಥಾನು ಮಡಚುತ್ತ, "ಸಂತ್ಯಾಗ ಹೆಸರು ಓದೂದಾದ್ರ ಆಗ್ತೇನ್ರಿ" ಅಂದರು.

"ಅದೆಲ್ಲಾ ಹಳೇದಾತು, ಸಾವ್ಕಾರ್ರ. ದೊಡ್ಡವರು ಹೆಸರಿಗೆ ಅಂಜತಾರ."

"ನನಗೂ ಅಂಜಿಕಿ ಐತ್ರಿ. ಜ್ವರ ಬಂದ್ರ ನಾ ಮಾತಾಡ್ತೇನಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ವಿಚಾರ ಮಾಡಿ ತಿಳಿಸುತ್ತೇವೆ ಅಂತ ಹೇಳಿ ಎದ್ದರು. ಮತ್ತೆ ಬರಲಿಲ್ಲ. ಯಾರ ಮನೆಯಲ್ಲಿ ಡಬ್ಬಿ ಇಟ್ಟರೋ ನಮಗೆ ತಿಳಿಯಲಿಲ್ಲ. ತಿಳಿದುಕೊಳ್ಳಲೂ ಹೋಗಲಿಲ್ಲ.

ಅವರು ಹೋದ ಹೊತ್ತಿಗೆ ನಮ್ಮಣ್ಣ ಬಂದಿದ್ದ. ಬಳೆ ಮಾರಲು ಆಲಮಟ್ಟಿ ಕಡೆಗೆ ಹೋಗಿ, ಕೃಷ್ಣೆಯ ಮೀನಿಗೆ ಉಪ್ಪು ಅರಿಷಿಣ ಹಚ್ಚಿ ಬುಟ್ಟಿಯಲ್ಲಿ ತಂದಿದ್ದ. ಇವರು ಅಂಗಡಿ ಜಲ್ದಿ ಮುಚ್ಚಿ ಒಳಗೆ ಬಂದು ಒಲೆಯ ಹತ್ತಿರವೇ ಕೂತರು. ಮುಳ್ಳು ಜಾಸ್ತಿ ಅಂತ ಅತ್ತಿ ಗೊಣಗುತ್ತ ಎಲ್ಲರಿಗಿಂತ ಹೆಚ್ಚು ಉಂಡಳು. ಇವರು ಎರಡು ರೊಟ್ಟಿಯ ಮೇಲೆ ಮತ್ತೊಂದು ಹಾಕಿಸಿಕೊಂಡು, ಇನ್ನೊಂದು ತುಂಡು ಮೀನು ಇದೆಯಾ ಅಂತ ಕೇಳಿದರು.